ಕಿಕ್ ಜಾಸ್ತಿ ಮಾಡಿ ಅನ್ನೋ ಮುಂಚೆ

ಬೆಂಗಳೂರಿನ ಪಬ್‌ಗಳಲ್ಲಿ, ಸಣ್ಣ ಹಾಲ್‌ಗಳಲ್ಲಿ ಸೌಂಡ್ ನೋಡಿಕೊಳ್ಳುವುದು ನನ್ನ ಕೆಲಸ. ಒಬ್ಬರೇ ನಿಂತು ಮೆಟಲ್, ಅಂದರೆ ಅಬ್ಬರದ ರಾಕ್, ನುಡಿಸುವವರು ಆಗಾಗ ಬರುತ್ತಾರೆ. ಒಂದು ಗಿಟಾರ್, ಒಂದು ಲ್ಯಾಪ್‌ಟಾಪ್, ಡ್ರಮ್ಮರ್ ಜಾಗದಲ್ಲಿ ಮೆಷಿನ್. ನನ್ನದೇನೂ ತಕರಾರಿಲ್ಲ. ಡಬಲ್ ಬೇಸ್, ಅಂದರೆ ಕೆಳಗಿನ ದೊಡ್ಡ ಡ್ರಮ್ಮನ್ನು ಎರಡೂ ಕಾಲಲ್ಲಿ ಹೊಡೆಯುವ ಡ್ರಮ್ಮರ್ ಸಿಗುವುದೇ ಕಷ್ಟ, ಸಿಕ್ಕರೂ ಅವನು ಆಗಲೇ ಮೂರು ಬ್ಯಾಂಡ್‌ನಲ್ಲಿ ಇರುತ್ತಾನೆ, ಬಾಡಿಗೆ ಮನೆಯಲ್ಲಿ ಪ್ರಾಕ್ಟೀಸ್ ಮಾಡೋಣ ಅಂದರೆ ಓನರ್ ಬಾಗಿಲು ಬಡಿಯುತ್ತಾರೆ. ಮೆಷಿನ್ ಇದ್ದರೆ ಅದು ಮೆಟಲ್ಲೇ ಅಲ್ಲ ಅನ್ನುವವರೂ ಇದ್ದಾರೆ. ಮೆಟಲ್ ಶುರುಮಾಡಿದವರು ಅನ್ನಿಸಿಕೊಂಡ ಬ್ಲ್ಯಾಕ್ ಸ್ಯಾಬತ್ ಬ್ಯಾಂಡ್ ಹುಟ್ಟಿದ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲೇ 1988ರಲ್ಲಿ ಗಾಡ್‌ಫ್ಲೆಶ್ ಅನ್ನೋ ಬ್ಯಾಂಡ್ ಶುರುವಾಯಿತು. ಇಬ್ಬರು ಮನುಷ್ಯರು, ಒಂದು ಡ್ರಮ್ ಮೆಷಿನ್. ಅಮೆರಿಕದ ಟ್ರಿಸ್ಟನ್ ಶೋನ್ ಅಂತೂ ಮೆಕ್ಯಾನಿಕಲ್ ಇಂಜಿನಿಯರ್, ಆಥರ್ ಆ್ಯಂಡ್ ಪನಿಷರ್ ಅನ್ನೋ ಹೆಸರಲ್ಲಿ ತಾನೇ ಕಟ್ಟಿದ ಯಂತ್ರಗಳನ್ನು ತಳ್ಳುತ್ತಾ ಎಳೆಯುತ್ತಾ ಎಷ್ಟೋ ವರ್ಷ ಒಬ್ಬನೇ ನುಡಿಸಿದ. ಹಾಗಾಗಿ ಆ ಜಗಳ ಬೇಡ.

ನನ್ನ ಜಗಳ ಬೇರೆ, ಅದು ಕಿಕ್ ಬಗ್ಗೆ, ಅಂದರೆ ಕಾಲಲ್ಲಿ ಹೊಡೆಯುವ ಆ ದೊಡ್ಡ ಡ್ರಮ್ಮಿನ ಸದ್ದಿನ ಬಗ್ಗೆ. ಸೌಂಡ್‌ಚೆಕ್ ಶುರುವಾದ ಕೂಡಲೇ, "ಸರ್, ಕಿಕ್ ಕೇಳಿಸ್ತಿಲ್ಲ, ಸ್ವಲ್ಪ ಜಾಸ್ತಿ ಮಾಡಿ." ಮಾಡುತ್ತೇನೆ. "ಇನ್ನೂ ಸ್ವಲ್ಪ." ಅದನ್ನೂ ಮಾಡುತ್ತೇನೆ. ಈಗ ಕೌಂಟರ್ ಮೇಲಿನ ಗ್ಲಾಸ್‌ಗಳು ಅಲುಗಾಡುತ್ತವೆ, ಕಿಕ್ ಮಾತ್ರ ಈಗಲೂ ಕೇಳುವುದಿಲ್ಲ.

ಯಾಕೆ ಅಂತ ಸ್ವಲ್ಪ ಲೆಕ್ಕ ಹಾಕಿ. ಹಾಡು 200 ಬಿಪಿಎಂ, ಅಂದರೆ ನಿಮಿಷಕ್ಕೆ 200 ಬೀಟ್. ಡಬಲ್ ಬೇಸಿನಲ್ಲಿ ಸಾಮಾನ್ಯವಾಗಿ ಒಂದು ಬೀಟಿಗೆ ನಾಲ್ಕು ಪೆಟ್ಟು. ಅಲ್ಲಿಗೆ ನಿಮಿಷಕ್ಕೆ 800. ಎರಡು ಪೆಟ್ಟಿನ ನಡುವೆ ಇರುವುದು 75 ಮಿಲಿಸೆಕೆಂಡ್. ನೀವು ಸಾಫ್ಟ್‌ವೇರ್‌ನಲ್ಲಿ ಆರಿಸಿಕೊಂಡ ಆ ದಪ್ಪ ಕಿಕ್ಕಿನ ಬಾಲ 300 ಮಿಲಿಸೆಕೆಂಡ್ ಇದ್ದರೆ, ಮೊದಲನೆಯದು ಸಾಯುವ ಮುಂಚೆ ಇನ್ನೂ ಮೂರು ಅದರ ಮೇಲೆ ಬಿದ್ದಿರುತ್ತವೆ. ಇದು ಮೆಷಿನ್ ಒಳಗೇ ಆಯಿತು. ಇನ್ನು ಹಾಲ್ ಬೇರೆ ಇದೆಯಲ್ಲ. ಕಾಂಕ್ರೀಟ್ ಗೋಡೆ, ಗಾಜಿನ ಬಾಗಿಲು ಇರುವ ಕಡೆ 60 ಹರ್ಟ್ಸ್ ಆಸುಪಾಸಿನ ದಪ್ಪ ಸದ್ದು ಬೇಗ ಹೋಗುವುದಿಲ್ಲ, ಒಂದು ಸೆಕೆಂಡ್, ಕೆಲವೆಡೆ ಅದಕ್ಕೂ ಜಾಸ್ತಿ ಅಲ್ಲೇ ಸುತ್ತುತ್ತಿರುತ್ತದೆ. ಹೆಡ್‌ಫೋನ್‌ನಲ್ಲಿ ಗೋಡೆಗಳಿಲ್ಲ. ಅದಕ್ಕೇ ಮನೆಯಲ್ಲಿ ಅಷ್ಟು ಚೆನ್ನಾಗಿ ಕೇಳಿದ್ದು ಇಲ್ಲಿ ಬರೀ ಗುಂಯ್ ಅನ್ನುವುದು. ಕಿಕ್ ಏರಿಸಿ ಅಂದರೆ ನಾನು ಏರಿಸುವುದು ಆ ಗುಂಯ್ ಅನ್ನೇ.

ಮಾಡಬೇಕಾದ್ದು ಬಾಲ ಕತ್ತರಿಸುವುದು. ವೇಗದ ಹಾಡಿಗೆ ಗಿಡ್ಡ ಕಿಕ್. ಪೆಟ್ಟಿನ 'ಟಿಕ್' ಇರುವುದು 3ರಿಂದ 5 ಕಿಲೋಹರ್ಟ್ಸ್ ಹತ್ತಿರ, ಅದನ್ನು ಸ್ವಲ್ಪ ಎತ್ತಿ. ನಿಧಾನದ ಹಾಡಿಗೆ ಬೇಕಾದರೆ ಉದ್ದ ಬಿಡಿ. ಗಾಡ್‌ಫ್ಲೆಶ್ ಅಷ್ಟು ಭಾರ ಕೇಳುವುದಕ್ಕೆ ಒಂದು ಕಾರಣ, ಅವರ ಎಷ್ಟೋ ಹಾಡುಗಳು ಆಮೆವೇಗದವು, ಒಂದು ಪೆಟ್ಟು ಪೂರ್ತಿ ಮುಗಿಯಲು ಜಾಗ ಇರುತ್ತದೆ. ವೈಟ್‌ಫೀಲ್ಡ್‌ನಲ್ಲಿ ಕೆಲಸ ಮಾಡುವ ಹಾಸನದ ಹುಡುಗನೊಬ್ಬ ನಾನು ಹೇಳಿದಂತೆ ಡಿಕೇ, ಅಂದರೆ ಆ ಬಾಲದ ಉದ್ದ, ಇಳಿಸಿ, ಹೆಡ್‌ಫೋನ್‌ನಲ್ಲಿ ಕೇಳಿ ಮುಖ ಸಿಂಡರಿಸಿದ. "ಸರ್, ದಮ್ಮೇ ಇಲ್ಲ ಇದರಲ್ಲಿ." "ಅದನ್ನ ತೆಗೆದು ಹಿಂದುಗಡೆ ಹೋಗಿ ನಿಂತ್ಕೊಳಪ್ಪ" ಅಂದೆ. ಟಾಯ್ಲೆಟ್ ಬಾಗಿಲ ಹತ್ತಿರ ನಿಂತು ಕೇಳಿದ. ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಬರುತ್ತಿತ್ತು. ಥ್ಯಾಂಕ್ಸ್ ಹೇಳಲಿಲ್ಲ, ಹಲ್ಲು ಕಿರಿದ. ಸಾಕು.

ಇದನ್ನು ನೀವೇ ಯಾಕೆ ಮಾಡಬಾರದು ಅಂತ ನನ್ನನ್ನು ಕೇಳಬೇಡಿ. ಕಿಕ್, ಸ್ನೇರ್, ಸಿಂಬಲ್, ಬೇಸ್ ಗಿಟಾರ್ ಎಲ್ಲ ಸೇರಿಸಿ ಒಂದೇ ಫೈಲ್ ಮಾಡಿ ಹೆಡ್‌ಫೋನ್ ಜ್ಯಾಕ್‌ನಿಂದ ಕೊಟ್ಟರೆ ನನ್ನ ಕೈ ಕಟ್ಟಿದ ಹಾಗೆ. 60 ಹರ್ಟ್ಸ್ ಇಳಿಸಿದರೆ ಬೇಸೂ ಹೋಗುತ್ತದೆ, 4 ಕಿಲೋಹರ್ಟ್ಸ್ ಏರಿಸಿದರೆ ಸಿಂಬಲ್ ಕಿವಿ ಕೊರೆಯುತ್ತದೆ. ಬಿಸಿಬೇಳೆಬಾತ್ ತಂದಿಟ್ಟು, ಬೇಳೆಗೆ ಮಾತ್ರ ಉಪ್ಪು ಕಮ್ಮಿ ಮಾಡಿ ಅಂದರೆ ಹೇಗೆ? ನಾಲ್ಕು ಔಟ್‌ಪುಟ್‌ನ ಇಂಟರ್‌ಫೇಸ್ (ಲ್ಯಾಪ್‌ಟಾಪ್‌ನ ಸದ್ದು ಹೊರಗೆ ಕೊಡುವ ಡಬ್ಬಿ) ಇದ್ದರೆ ಕಿಕ್, ಸ್ನೇರ್, ಬೇಸ್ ಬೇರೆ ಬೇರೆ ಕೊಡಿ, ಮಿಕ್ಕಿದ್ದೆಲ್ಲ ನಾಲ್ಕನೆಯದರಲ್ಲಿ. ಎರಡೇ ಇದ್ದರೆ ಎಡಕ್ಕೆ ಕಿಕ್, ಬಲಕ್ಕೆ ಉಳಿದದ್ದು. ಸ್ಟೀರಿಯೋ ಹೋಗುತ್ತಲ್ಲ ಸರ್ ಅನ್ನುತ್ತಾರೆ. ಕಂಬದ ಹಿಂದೆ ಕೂತು ಕಡಲೆಬೀಜ ಮಸಾಲೆ ತಿನ್ನುವವನಿಗೆ ಎಲ್ಲಿಯ ಸ್ಟೀರಿಯೋ?

ಇದೆಲ್ಲ ಸಣ್ಣ ಜಾಗದ ಮಾತು. ಬಯಲಲ್ಲಿ ಗೋಡೆಗಳ ಕಾಟ ಇಲ್ಲ, ಅಲ್ಲಿ ಕಿಕ್ ಇನ್ನೂ ಉದ್ದ ಇದ್ದರೂ ನಡೆಯಬಹುದು. ಸಬ್, ಅಂದರೆ ದಪ್ಪ ಸದ್ದಿಗೆಂದೇ ಇರುವ ಸ್ಪೀಕರ್, ಇಲ್ಲದ ಪಬ್‌ನಲ್ಲಿ ಲೆಕ್ಕವೇ ಬೇರೆ. ಕೊನೆಗೆ ಕಿವಿಯೇ ಗತಿ.

ಹಾಂ, ಎಡ ಬಲ ಮಾಡಿದ್ದನ್ನು ಸೌಂಡ್‌ನವರಿಗೆ ಬಾಯಿ ಬಿಟ್ಟು ಹೇಳಿ. ಒಬ್ಬ ಹೇಳಲಿಲ್ಲ, ಅಲ್ಲಿದ್ದ ಹುಡುಗ ಎಡಗಡೆ ವೈರ್ ಒಂದನ್ನೇ ಚುಚ್ಚಿದ. ಇಡೀ ಹಾಡು ಗಿಟಾರ್ ಮತ್ತು ಕಿಕ್, ಅಷ್ಟೇ. ಮುಂದೆ ನಿಂತವರು ತಲೆ ಆಡಿಸುತ್ತಲೇ ಇದ್ದರು. ಮುಗಿದ ಮೇಲೆ ಒಬ್ಬ ಬಂದು "ಬ್ರೋ, ಆ ಮಿನಿಮಲ್ ಐಡಿಯಾ ಸಖತ್" ಅಂದನಂತೆ.