ಗಾಡಿ ಎಲ್ಲಿ ನಿಂತಿರಬೇಕು?

ಫೆಬ್ರವರಿ ಬಂತೆಂದರೆ ನಮ್ಮ ಕೊಡಗಿನ ಕಡೆ ಕರಿಮೆಣಸು ಕೊಯ್ಲು. ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರಕ್ಕೆ ಏಣಿ ಒರಗಿಸಿ, ಸೊಂಟಕ್ಕೆ ಚೀಲ ಕಟ್ಟಿಕೊಂಡು ಇಪ್ಪತ್ತು ಅಡಿ ಮೇಲೆ ಹತ್ತುವುದು. ಎರಡು ವರ್ಷದ ಹಿಂದೆ ಪಕ್ಕದ ತೋಟದಲ್ಲಿ ಒಬ್ಬರು ಏಣಿ ಜಾರಿ ಬಿದ್ದರು. ತೊಡೆ ಮೂಳೆ ಮುರಿಯಿತು. ತೋಟದೊಳಗೆ ರೇಂಜ್ ಇಲ್ಲ. ತೋಟದ ಲೆಕ್ಕ ನೋಡುವ ರೈಟರ್ ಬೈಕಿನಲ್ಲಿ ದಿಣ್ಣೆ ಹತ್ತಿ 108ಕ್ಕೆ ಫೋನ್ ಮಾಡಿದರು. ಹತ್ತಿರದ ಆ್ಯಂಬುಲೆನ್ಸ್ ಗಾಡಿ ಆಗಷ್ಟೇ ಬೇರೆ ರೋಗಿಯನ್ನು ಹತ್ತಿಸಿಕೊಂಡು ಮೈಸೂರಿಗೆ ಹೊರಟಿತ್ತು. ಕೊನೆಗೆ ಗೊಬ್ಬರ ಸಾಗಿಸುವ ಜೀಪಿನಲ್ಲಿ ಹಲಗೆ ಇಟ್ಟು ಮಲಗಿಸಿ ಕಳಿಸಿದೆವು. ತೊಡೆ ಮೂಳೆ ಮುರಿದರೆ ಹೊರಗೆ ಒಂದು ಹನಿ ಕಾಣದಿದ್ದರೂ ಒಳಗೇ ಒಂದು ಲೀಟರಿಗಿಂತ ಜಾಸ್ತಿ ರಕ್ತ ಸೋರಬಹುದು ಎಂದು ಡಾಕ್ಟರ್ ಆಮೇಲೆ ಹೇಳಿದರು.

ಜಿಲ್ಲೆಗೆ ಗಾಡಿ ಸಾಲದು ಎಂದು ಎಲ್ಲರೂ ಬೈದರು. ನಿಜ. ಆದರೆ ಎಷ್ಟು ಸಾಲದು ಅನ್ನೋದನ್ನು ಅಳೆಯುವ ಕೋಲೇ ಇಲ್ಲಿಗೆ ಹೊಂದುವುದಿಲ್ಲ.

ರಾಷ್ಟ್ರೀಯ ಆರೋಗ್ಯ ಅಭಿಯಾನದ ಅಳತೆ ಹೀಗೆ: ಲಕ್ಷ ಜನಕ್ಕೆ ಸಾಧಾರಣ ಆ್ಯಂಬುಲೆನ್ಸ್ ಒಂದು. 2011ರ ಜನಗಣತಿಯಲ್ಲಿ ಕೊಡಗಿನ ಜನ ಸುಮಾರು 5.54 ಲಕ್ಷ, ಅಂದರೆ ಆರು ಗಾಡಿ ಅನ್ನೋಣ. ಜಿಲ್ಲೆಯ ವಿಸ್ತೀರ್ಣ 4,102 ಚದರ ಕಿ.ಮೀ. ಒಂದೊಂದು ಗಾಡಿಗೆ 680 ಚದರ ಕಿ.ಮೀ. ಬಿತ್ತು. ವೃತ್ತ ಎಳೆದರೆ ಅಂಚಿಗೆ ನೇರ ದೂರ 15 ಕಿ.ಮೀ. ನಮ್ಮ ರಸ್ತೆ ನೇರ ಹೋಗುತ್ತದಾ? ತಿರುವಿಗೆ ಒಂದೂವರೆ ಪಟ್ಟು ಹಾಕಿ, 22 ಕಿ.ಮೀ. ಗಂಟೆಗೆ 30ರ ವೇಗದಲ್ಲಿ ಮುಕ್ಕಾಲು ಗಂಟೆ. ಆನೆ ಅಡ್ಡ ಬರದಿದ್ದರೆ! ಅದೇ ಅಳತೆಯಲ್ಲಿ ಬೆಂಗಳೂರು ನಗರ ಜಿಲ್ಲೆಗೆ 96 ಗಾಡಿ, ಅಂಚಿಗೆ ಮೂರು ಕಿ.ಮೀ. ಕೂಡ ಇಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕಾದರೆ ಗುಡ್ಡಗಾಡಿಗೆ ರಿಯಾಯಿತಿ ಇದೆ. ಬಯಲಲ್ಲಿ 30,000 ಜನಕ್ಕೆ ಒಂದು, ಬೆಟ್ಟದಲ್ಲಿ 20,000ಕ್ಕೆ ಒಂದು.

1974ರಲ್ಲಿ ಚರ್ಚ್ ಮತ್ತು ರೆವೆಲ್ ಎಂಬ ಇಬ್ಬರು ಸಂಶೋಧಕರು ಇಂಥದ್ದನ್ನೇ ಗಣಿತದ ಪ್ರಶ್ನೆಯಾಗಿ ಬರೆದರು. ಕೈಯಲ್ಲಿರುವುದು ಇಷ್ಟೇ ಗಾಡಿ. ಇಂತಿಷ್ಟು ನಿಮಿಷದೊಳಗೆ ಆದಷ್ಟು ಜಾಸ್ತಿ ಜನರನ್ನು ಮುಟ್ಟಬೇಕು. ಎಲ್ಲೆಲ್ಲಿ ನಿಲ್ಲಿಸೋಣ? ಕೊಡಗಿಗೆ ಈ ಲೆಕ್ಕ ಹಾಕಿದರೆ ಮಡಿಕೇರಿ, ಕುಶಾಲನಗರ, ವಿರಾಜಪೇಟೆಯಂಥ ಪೇಟೆಗಳು ಬರಬಹುದು. ದಕ್ಷಿಣದ ಅಂಚಿನ ಬಿರುನಾಣಿ, ಕುಟ್ಟ ಹೊರಗುಳಿಯಬಹುದು. ತೀರಾ ದೂರದವರಿಗೂ ಆದಷ್ಟು ಬೇಗ ಸಿಗಲಿ ಎಂದು ಪ್ರಶ್ನೆ ತಿರುಗಿಸಿದರೆ ಪೇಟೆಯವರು ಸ್ವಲ್ಪ ಜಾಸ್ತಿ ಕಾಯಬೇಕು. ಇವೆರಡರಲ್ಲಿ ಯಾವುದು ಬೇಕು ಅನ್ನೋದನ್ನು ಕಂಪ್ಯೂಟರ್ ಹೇಳುವುದಿಲ್ಲ.

ಇನ್ನೊಂದು ಲೆಕ್ಕ ನಮ್ಮ ಏಣಿ ಪ್ರಸಂಗಕ್ಕೆ ಹತ್ತಿರ. ಒಂದು ಗಾಡಿ ಶೇ 30ರಷ್ಟು ಹೊತ್ತು ಕೆಲಸದಲ್ಲಿರುತ್ತದೆ ಎಂದುಕೊಳ್ಳಿ. ಅದೊಂದೇ ಇದ್ದರೆ ನೂರು ಕರೆಯಲ್ಲಿ ಮೂವತ್ತಕ್ಕೆ ಗಾಡಿ ಸಿಗುವುದಿಲ್ಲ. ಪಕ್ಕದಲ್ಲೇ ಇನ್ನೊಂದಿದ್ದರೆ ಎರಡೂ ಒಟ್ಟಿಗೆ ಇಲ್ಲದಿರುವುದು 0.3 × 0.3, ನೂರಕ್ಕೆ ಒಂಬತ್ತು. ಮೂರು ಗಾಡಿಯಾದರೆ ನೂರಕ್ಕೆ ಮೂರಕ್ಕಿಂತ ಕಡಿಮೆ. ನಗರದಲ್ಲಿ ಒಂದಕ್ಕೊಂದು ಆಸರೆ. ಇಲ್ಲಿ ಪಕ್ಕದ ಗಾಡಿ ಬೆಟ್ಟದಾಚೆ.

ಅದರ ಮೇಲೆ ಮೈಸೂರು ಟ್ರಿಪ್. ಮಡಿಕೇರಿಯಲ್ಲಿ 2016ರಿಂದ ವೈದ್ಯಕೀಯ ಕಾಲೇಜು ಇದೆ. ಆದರೂ ತಲೆಗೆ ಪೆಟ್ಟು, ಹೃದಯದ ತೊಂದರೆ ಎಂದರೆ ಎಷ್ಟೋ ಸಲ ಸುಮಾರು 120 ಕಿ.ಮೀ. ಓಡಬೇಕು. ಹೋಗಿ ಬರುವಷ್ಟರಲ್ಲಿ ಐದಾರು ಗಂಟೆ. ಅಷ್ಟೂ ಹೊತ್ತು ಆ ಹೋಬಳಿ ಖಾಲಿ. ಹಾಗಾಗಿ ದೂರ ಸಾಗಿಸುವ ಗಾಡಿ ಬೇರೆ, ಊರಿನ ಕರೆಗೆ ಓಡುವ ಗಾಡಿ ಬೇರೆ ಇರಬೇಕು ಅನ್ನೋದು ನನ್ನ ವಾದ. ಅದಾಗದಿದ್ದರೆ, ವಿರಾಜಪೇಟೆಯದು ಹೊರಟ ಕೂಡಲೇ ಗೋಣಿಕೊಪ್ಪದ ಗಾಡಿ ಅರ್ಧ ದಾರಿಗೆ ಬಂದು ನಿಲ್ಲಲಿ. ಇದಕ್ಕೆ ಡೀಸೆಲ್ ಬಿಟ್ಟರೆ ಹೆಚ್ಚಿನ ಖರ್ಚಿಲ್ಲ.

ಮಳೆಗಾಲದಲ್ಲಿ ನಕ್ಷೆಯೇ ಬೇರೆ. ಭಾಗಮಂಡಲದ ಕಡೆ ಹೊಳೆ ಉಕ್ಕಿದರೆ ತಗ್ಗಿನ ರಸ್ತೆ ಮುಳುಗುತ್ತದೆ. ನೀರು ಏರುವ ಮೊದಲೇ ಒಂದು ಗಾಡಿ ಆಚೆ ದಡದಲ್ಲಿರಬೇಕು, ಅಲ್ವಾ? 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆಯೇ ಹೋಯಿತು. ಸಂಪಾಜೆಯವರಿಗೆ ಆಗ ದಾರಿ ಸುಳ್ಯದ ಕಡೆಗೆ ಮಾತ್ರ. ಕುಟ್ಟದವರಿಗೆ ಯಾವಾಗಲೂ ಮಡಿಕೇರಿಗಿಂತ ಕೇರಳದ ಮಾನಂದವಾಡಿ ಹತ್ತಿರ. ಜಿಲ್ಲೆಯ ಗಡಿ ನೋಡಿ ಗಾಡಿ ಹಂಚಿದರೆ ಇವೆಲ್ಲ ಲೆಕ್ಕಕ್ಕೇ ಬರುವುದಿಲ್ಲ.

ಏಣಿಯಿಂದ ಬಿದ್ದವರು ಈಗ ಸ್ವಲ್ಪ ಕುಂಟುತ್ತಾ ಕಾಫಿ ಕಣ ನೋಡಿಕೊಳ್ಳುತ್ತಾರೆ. ದಿಣ್ಣೆಯ ಮೇಲೆ ರೇಂಜ್ ಸಿಗುವ ಜಾಗದ ಬಂಡೆಗೆ ರೈಟರ್ ಸುಣ್ಣ ಬಳಿದಿದ್ದಾರೆ, ರಾತ್ರಿ ಟಾರ್ಚ್ ಬಿಟ್ಟರೆ ಕಾಣಲಿ ಅಂತ.