ಪರ್ಸೆಂಟ್ ಎಷ್ಟು ಅಂತ ಕೊನೆಗೆ ಕೇಳಿ

ಮುಂಬೈ ಕನ್ನಡಿಗರಲ್ಲಿ ಸ್ವಂತ ವೆಬ್‌ಸೈಟ್ ನಡೆಸುವವರು ಈಗ ಕಡಿಮೆಯೇನಿಲ್ಲ. ಮಂಗಳೂರು ಕಡೆಯ ಅಡುಗೆ, ಮಕ್ಕಳ ಪುಸ್ತಕ, ಕೊಂಕಣ ರೈಲ್ವೆ ದಾರಿಯ ಪ್ರವಾಸ, ಷೇರುಪೇಟೆ – ವಿಷಯ ಯಾವುದೇ ಇರಲಿ, ಓದುಗರು ಒಂದಿಷ್ಟು ಕೂಡಿಕೊಂಡ ಮೇಲೆ ಅಫಿಲಿಯೇಟ್ ಲಿಂಕ್ ಹಾಕುವ ಯೋಚನೆ ಬಂದೇ ಬರುತ್ತದೆ – ಓದುಗರು ಆ ಲಿಂಕ್ ಒತ್ತಿ ಅಂಗಡಿಯಲ್ಲಿ ಏನಾದರೂ ಕೊಂಡರೆ ನಿಮಗೆ ಕಮಿಷನ್ ಸಿಗುವ ಏರ್ಪಾಡು ಅದು. ನನ್ನ ಹತ್ತಿರ ಬರುವವರೆಲ್ಲ ಮೊದಲು ಕೇಳುವುದು "ಯಾವ ನೆಟ್‌ವರ್ಕ್ ಜಾಸ್ತಿ ಪರ್ಸೆಂಟ್ ಕೊಡ್ತದೆ?" ಎಂದು. ನಾನು ಅದಕ್ಕೆ ಉತ್ತರ ಕೊಡುವ ಮೊದಲು ಅವರ ಸೈಟಿನ ಅನಲಿಟಿಕ್ಸ್ ತೆರೆಸುತ್ತೇನೆ. ಓದುಗರು ಯಾವ ದೇಶದವರು, ಯಾವ ಫೋನಿನಿಂದ ಓದುತ್ತಾರೆ, ಯಾವ ಪುಟದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತಾರೆ ಎಂದು ಗೊತ್ತಾದರೆ ಅರ್ಧ ಆಯ್ಕೆ ಮುಗಿದಂತೆ. ಕರಾವಳಿ ಅಡುಗೆಯ ಸೈಟಿಗೆ ಕೊಲ್ಲಿ ದೇಶಗಳಿಂದ ಓದುಗರು ಬರುವುದು ಮಾಮೂಲು. ದುಬೈಯಲ್ಲಿ ಕೂತವರು ಅಮೆಜಾನ್‌ನ ಭಾರತದ ಲಿಂಕ್ ಒತ್ತಿ, ಆಮೇಲೆ ಅಲ್ಲಿನ ಅಮೆಜಾನ್‌ನಲ್ಲಿ ಕೊಂಡರೆ ನಿಮಗೆ ಬಿಡಿಗಾಸೂ ಇಲ್ಲ. ಎರಡೂ ಬೇರೆ ಬೇರೆ ಕಾರ್ಯಕ್ರಮಗಳು, ಬೇರೆ ಬೇರೆ ನೋಂದಣಿ.

ಅಮೆಜಾನ್‌ನ ಅಸೋಸಿಯೇಟ್ಸ್ 1996ರಿಂದ ನಡೆಯುತ್ತಿರುವ ನೇರ ವ್ಯವಸ್ಥೆ. ಅಲ್ಲಿ ಅಂಗಡಿಯೂ ಅವರದೇ, ಲೆಕ್ಕವೂ ಅವರದೇ. ಸಿಜೆ, ಅವಿನ್, ರಾಕುಟೆನ್, ಇಂಪ್ಯಾಕ್ಟ್, ನಮ್ಮ ದೇಶದ ವಿಕಮಿಷನ್ ಮೊದಲಾದವು ನಡುವೆ ನಿಲ್ಲುವ ನೆಟ್‌ವರ್ಕ್‌ಗಳು. ವಾಶಿಯ ಎಪಿಎಂಸಿ ಮಂಡಿಯ ದಲಾಲಿ ಹೇಗೋ ಇವೂ ಹಾಗೆ: ನೂರಾರು ವ್ಯಾಪಾರಿಗಳ ಪರಿಚಯ ಒಂದೇ ಕಡೆ ಸಿಗುತ್ತದೆ, ಆದರೆ ವ್ಯಾಪಾರಿ ದುಡ್ಡು ಬಿಚ್ಚಿದ ಮೇಲೆಯೇ ನಿಮ್ಮ ಕೈಗೆ ಬರುವುದು. ಕ್ಯೂಲಿಂಕ್ಸ್‌ನಂಥವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನೀವು ಹಾಕಿದ ಮಾಮೂಲಿ ಲಿಂಕನ್ನೇ ಅಫಿಲಿಯೇಟ್ ಲಿಂಕ್ ಮಾಡಿಕೊಡುತ್ತವೆ. ಹೊಸಬರಿಗೆ ಅನುಕೂಲ, ಆದರೆ ನಡುವಿನ ಕೈ ಹೆಚ್ಚಾದಷ್ಟೂ ಅವರ ಪಾಲು ಹೆಚ್ಚಿ ನಿಮ್ಮದು ಕಡಿಮೆಯಾಗುತ್ತದೆ.

ಇನ್ನು ಪರ್ಸೆಂಟಿನ ಮಾತು. ಲೆಕ್ಕಕ್ಕೆಂದು ಐದು ಸಾವಿರ ರೂಪಾಯಿಯ ವೆಟ್ ಗ್ರೈಂಡರ್ ತೆಗೆದುಕೊಳ್ಳಿ. ಒಂದು ಸಣ್ಣ ಅಂಗಡಿ ಶೇ 9 ಕೊಡುತ್ತದೆ, ದೊಡ್ಡ ಅಂಗಡಿ ಶೇ 4. ಎರಡಕ್ಕೂ ಸಾವಿರ ಕ್ಲಿಕ್ ಕಳಿಸಿದಿರಿ. ಸಣ್ಣ ಅಂಗಡಿಯಲ್ಲಿ ಐದು ಆರ್ಡರ್ ಬಿದ್ದು ಎರಡು ವಾಪಸ್ ಹೋದರೆ ಉಳಿಯುವುದು 1,350 ರೂಪಾಯಿ. ದೊಡ್ಡದರಲ್ಲಿ ಇಪ್ಪತ್ತು ಆರ್ಡರ್ ಬಿದ್ದು ಮೂರು ವಾಪಸ್ ಹೋದರೂ 3,400. ಆದ್ದರಿಂದ ನೆಟ್‌ವರ್ಕ್‌ನ ಪ್ರತಿನಿಧಿ ಫೋನಿಗೆ ಸಿಕ್ಕಾಗ ಕೇಳಬೇಕಾದದ್ದು ಇಪಿಸಿ, ಅಂದರೆ ಒಂದು ಕ್ಲಿಕ್ಕಿಗೆ ಸರಾಸರಿ ಎಷ್ಟು ಗಳಿಕೆ ಎಂದು. ಅದರ ಜೊತೆಗೆ, ಬಿದ್ದ ಆರ್ಡರ್‌ಗಳಲ್ಲಿ ನೂರಕ್ಕೆ ಎಷ್ಟು ಅಪ್ರೂವ್ ಆಗುತ್ತವೆ, ಅಂದರೆ ಕಮಿಷನ್‌ಗೆ ಒಪ್ಪಿಗೆ ಪಡೆಯುತ್ತವೆ ಎಂದೂ ಕೇಳಿ. ಎರಡನೆಯ ಪ್ರಶ್ನೆಗೆ ಆ ಕಡೆಯವರು ತಡವರಿಸಿದರೆ ನಾನು ಮುಂದಿನ ಹೆಸರಿಗೆ ಹೋಗುತ್ತೇನೆ.

ಈ ಅಪ್ರೂವಲ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಮುಲುಂಡ್‌ನ ಒಬ್ಬ ಗೃಹಿಣಿ ಅಡುಗೆ ಸೈಟ್ ನಡೆಸುತ್ತಾರೆ, ಮೂಲತಃ ಕುಂದಾಪುರದ ಕಡೆಯವರು. ಅವರು ಫೋನ್ ಚಾಚಿ ತೋರಿಸಿದ ರಿಪೋರ್ಟಿನಲ್ಲಿ ಪೆಂಡಿಂಗ್ ಎಂದು ಏಳು ಸಾವಿರ ಚಿಲ್ಲರೆ ಇತ್ತು. ಪಕ್ಕದ ಅಪ್ರೂವ್ಡ್‌ನಲ್ಲಿ ಎರಡು ಸಾವಿರವೂ ಇರಲಿಲ್ಲ. "ಅಣ್ಣ, ಜನ ತಗೊಂಡದ್ದು ಹೌದು ಅಂತ ಇದೇ ತೋರಿಸ್ತದೆ. ಮತ್ತೆ ದುಡ್ಡು ಎಲ್ಲಿ ಹೋಯ್ತು ಮಾರಾಯ್ರೆ?" ಎಂದು ಕೇಳಿದರು. ರಿಜೆಕ್ಟ್ ಆದ ಆರ್ಡರ್‌ಗಳ ಮೇಲೆ ಬೆರಳಿಟ್ಟರೆ ಕಾರಣದ ಜಾಗದಲ್ಲಿ 'ಅದರ್ಸ್' ಎಂದಷ್ಟೇ ಇತ್ತು. ಕ್ಯಾಶ್ ಆನ್ ಡೆಲಿವರಿ ಆರ್ಡರ್‌ಗಳಲ್ಲಿ ಇದು ಹೆಚ್ಚು: ಬಾಗಿಲಿಗೆ ಬಂದ ಪೆಟ್ಟಿಗೆ ಬೇಡವೆಂದು ಕಳಿಸಿಬಿಟ್ಟರೆ ನಿಮ್ಮ ಕಮಿಷನ್ನೂ ಅದರ ಜೊತೆಗೇ ವಾಪಸ್. ಅದು ನ್ಯಾಯವೇ. ಆದರೆ ಕಾರಣ ಬರೆಯದೆ ತೆಗೆದುಹಾಕುವುದು ನ್ಯಾಯವಲ್ಲ. ಆ ನೆಟ್‌ವರ್ಕ್ ಮೇಲ್‌ಗಳಿಗೆ ಉತ್ತರವನ್ನೇ ಕೊಡಲಿಲ್ಲ. ಅಪ್ರೂವ್ ಆದ ಮೊತ್ತವೂ ಕನಿಷ್ಠ ಪಾವತಿಯ ಗಡಿ ಮುಟ್ಟದೆ ಅಲ್ಲೇ ಉಳಿಯಿತು. ಹಾಗಾಗಿ ಸೇರುವ ಮೊದಲೇ ಮೂರು ಸಂಗತಿ ಓದಿಕೊಳ್ಳಿ: ಎಷ್ಟು ದಿನಕ್ಕೆ ಅಪ್ರೂವ್, ಕನಿಷ್ಠ ಎಷ್ಟಾದರೆ ಪಾವತಿ, ಖಾತೆ ಮುಚ್ಚಿದರೆ ಬಾಕಿಯ ಗತಿ ಏನು. ಮೂರನೆಯದು ಷರತ್ತುಗಳ ತಳದಲ್ಲೆಲ್ಲೋ ಇರುತ್ತದೆ.

ಕುಕೀ ಎಂದರೆ ಓದುಗರು ನಿಮ್ಮ ಲಿಂಕಿನಿಂದ ಬಂದರೆಂದು ಅವರ ಬ್ರೌಸರ್‌ನಲ್ಲಿ ಉಳಿಯುವ ಗುರುತು; ಅದರ ಅವಧಿಯನ್ನೂ ಜನ ಬರೀ ಅಂಕಿಯಾಗಿ ನೋಡುತ್ತಾರೆ. ಅಮೆಜಾನ್‌ನಲ್ಲಿ ಅದು 24 ಗಂಟೆ. ಅಷ್ಟರಲ್ಲಿ ವಸ್ತುವನ್ನು ಕಾರ್ಟಿಗೆ ಹಾಕಿಟ್ಟರೆ ಆ ವಸ್ತುವಿಗೆ 90 ದಿನದವರೆಗೆ ಸಿಗುತ್ತದೆ. ಗ್ರೈಂಡರ್ ಕೊಳ್ಳುವುದು ಭಾನುವಾರ ಮನೆಮಂದಿಯೆಲ್ಲ ಕೂತು ತೀರ್ಮಾನಿಸುವ ವಿಷಯ, ಅದಕ್ಕೆ 24 ಗಂಟೆ ಸಾಲದು. ಆದರೆ ಗ್ರೈಂಡರ್ ನೋಡಲು ಹೋದವರು ಅದೇ ಹೊತ್ತಿಗೆ ಮಕ್ಕಳ ಶೂ ಕೊಂಡರೂ ಕಮಿಷನ್ ಬರುತ್ತದೆ. ಸಣ್ಣ ಬೆಲೆಯ ವಸ್ತುಗಳ ಸೈಟಿಗೆ ಇದು ಹೊಂದುತ್ತದೆ. ಗೋವಾದ ಹೋಂಸ್ಟೇ ಬಗ್ಗೆ ಬರೆಯುವವರಿಗೆ ಮಾತ್ರ ಉದ್ದದ ಕುಕೀ ಬೇಕೇ ಬೇಕು. ಪ್ರವಾಸ ಯಾರೂ ಒಂದು ದಿನದಲ್ಲಿ ಬುಕ್ ಮಾಡುವುದಿಲ್ಲ. ಅಲ್ಲೂ ಒಂದು ತೊಡಕಿದೆ. ನೆಟ್‌ವರ್ಕ್ 30 ದಿನ ಎಂದರೂ, ಐಫೋನಿನ ಸಫಾರಿ ಬ್ರೌಸರ್ ಪುಟದ ಸ್ಕ್ರಿಪ್ಟ್ (ಪುಟದೊಳಗೆ ಓಡುವ ಕೋಡ್) ಇಟ್ಟ ಕುಕೀಯನ್ನು ಏಳು ದಿನಕ್ಕೇ, ಕೆಲವೊಮ್ಮೆ ಒಂದೇ ದಿನಕ್ಕೆ ಅಳಿಸುತ್ತದೆ. ನಿಮ್ಮ ಓದುಗರಲ್ಲಿ ಐಫೋನಿನವರು ಹೆಚ್ಚಿದ್ದರೆ, ಕುಕೀ ನಂಬದೆ ಸರ್ವರ್‌ನಿಂದ ಸರ್ವರ್‌ಗೆ ಲೆಕ್ಕ ಕಳಿಸುವ ವ್ಯವಸ್ಥೆ ಇದೆಯೇ ಎಂದು ವಿಚಾರಿಸಿ.

ಅದಕ್ಕಿಂತ ದೊಡ್ಡ ಸೋರಿಕೆ ಆ್ಯಪ್‌ನದು. ನಿಮ್ಮ ಫೋನಿನಲ್ಲೇ ಲಿಂಕ್ ಒತ್ತಿ ನೋಡಿ: ವಿಳಾಸ ಪಟ್ಟಿಯಲ್ಲಿ ಎರಡು ಮೂರು ವಿಳಾಸ ಸರಸರನೆ ಹಾಯ್ದು, ಬ್ರೌಸರ್ ಮುಚ್ಚಿ ಅಂಗಡಿಯ ಆ್ಯಪ್ ತೆರೆದುಕೊಳ್ಳುತ್ತದೆ. ಆ ಜಿಗಿತದಲ್ಲಿ ನಿಮ್ಮ ಗುರುತು ಉಳಿಯಿತೋ ಇಲ್ಲವೋ? ಪ್ರತಿ ಪುಟಕ್ಕೂ ಬೇರೆ ಸಬ್‌ಐಡಿ (ಲಿಂಕಿಗೆ ಸೇರಿಸುವ ಗುರುತಿನ ಹೆಸರು) ಕೊಟ್ಟು, ಮರುದಿನ ರಿಪೋರ್ಟಿನಲ್ಲಿ ಆ ಕ್ಲಿಕ್ ಕಾಣುತ್ತದೆಯೇ ನೋಡಿ. ಕ್ಲಿಕ್ ಕಂಡ ಮಾತ್ರಕ್ಕೆ ಖರೀದಿಯೂ ಎಣಿಕೆಯಾಗುತ್ತದೆ ಎನ್ನುವ ಹಾಗಿಲ್ಲ. ಆ್ಯಪ್‌ನಲ್ಲಿ ಆದ ಖರೀದಿಗೆ ಕಮಿಷನ್ ಇದೆಯೇ ಎಂದು ಬರಹದಲ್ಲೇ ಕೇಳಿ ಇಟ್ಟುಕೊಳ್ಳಿ. ಪರೀಕ್ಷೆಗೆಂದು ನೀವೇ ಕೊಳ್ಳಲು ಹೋಗಬೇಡಿ: ಸ್ವಂತ ಲಿಂಕಿನಿಂದ ಸ್ವಂತಕ್ಕೆ ಕೊಳ್ಳುವುದನ್ನು ಅಮೆಜಾನ್ ಒಪ್ಪುವುದಿಲ್ಲ, ಖಾತೆಗೇ ಕುತ್ತು. ಅಲ್ಲಿ ಮೊದಲ 180 ದಿನದಲ್ಲಿ ಮೂರು ಅರ್ಹ ಮಾರಾಟ ಆಗದಿದ್ದರೂ ಖಾತೆ ಮುಚ್ಚುತ್ತಾರೆ. ಓದುಗರು ಕೂಡುವ ಮೊದಲೇ ಅರ್ಜಿ ಹಾಕುವ ಆತುರ ಬೇಡ.

ಒಂದೇ ನೆಟ್‌ವರ್ಕ್‌ಗೆ ಎಲ್ಲವನ್ನೂ ಕಟ್ಟಿಹಾಕುವುದೂ ಜಾಣತನವಲ್ಲ. 2020ರ ಏಪ್ರಿಲ್‌ನಲ್ಲಿ ಅಮೆಜಾನ್ ಅಮೆರಿಕದಲ್ಲಿ ಪೀಠೋಪಕರಣಗಳ ಕಮಿಷನ್ನನ್ನು ಶೇ 8ರಿಂದ 3ಕ್ಕೆ ಇಳಿಸಿತು. ಶೇರ್‌ಎಸೇಲ್ ಎಂಬ ಹಳೆಯ ನೆಟ್‌ವರ್ಕನ್ನು 2017ರಲ್ಲಿ ಕೊಂಡ ಅವಿನ್, 2025ರಲ್ಲಿ ಅದನ್ನು ತನ್ನೊಳಗೇ ಸೇರಿಸಿಕೊಂಡು ಮುಚ್ಚಿತು. ಯಾವ ಪುಟದಲ್ಲಿ ಯಾವ ಲಿಂಕ್ ಇದೆ ಎಂಬ ಪಟ್ಟಿ ಒಂದು ಶೀಟಿನಲ್ಲಿದ್ದರೆ ಇಂಥ ದಿನ ಒಂದು ಸಂಜೆಯಲ್ಲಿ ಬದಲಿಸಬಹುದು.

ಷೇರುಪೇಟೆಯ ಸೈಟಿನವರಿಗೆ ನೆಟ್‌ವರ್ಕ್ ಆಯ್ಕೆ ಆಮೇಲಿನ ಮಾತು. ನೋಂದಣಿಯಿಲ್ಲದೆ ಹೂಡಿಕೆ ಸಲಹೆ ಕೊಡುವವರ ಜೊತೆ ಬ್ರೋಕರ್‌ಗಳು, ಮ್ಯೂಚುವಲ್ ಫಂಡ್‌ಗಳು ದುಡ್ಡಿನ ವ್ಯವಹಾರ ಇಟ್ಟುಕೊಳ್ಳುವಂತಿಲ್ಲ ಎಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಆಗಸ್ಟ್‌ನಲ್ಲಿ ನಿಯಮ ತಂದಿದೆ. ಡಿಮ್ಯಾಟ್ ಖಾತೆ ತೆರೆಸಿದರೆ ಇಷ್ಟು ಎಂಬ ಆಫರ್ ಕಂಡ ಕೂಡಲೇ ಕೈ ಹಾಕಬೇಡಿ. ಉಳಿದವರೂ ಅಫಿಲಿಯೇಟ್ ಲಿಂಕ್ ಇದೆ ಎಂಬುದನ್ನು ಲೇಖನದ ಮೇಲ್ಭಾಗದಲ್ಲೇ ಕನ್ನಡದಲ್ಲಿ ಬರೆಯಿರಿ; ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಹತ್ತು ಲಕ್ಷ ರೂಪಾಯಿಯವರೆಗೆ ದಂಡವಿದೆ.

ತೆರಿಗೆಯ ಬಗ್ಗೆ ಇಷ್ಟು. ಭಾರತದ ನೆಟ್‌ವರ್ಕ್ ಪ್ಯಾನ್ ಕೇಳುತ್ತದೆ, ಟಿಡಿಎಸ್ ಹಿಡಿಯುತ್ತದೆ. ಕಮಿಷನ್ ಮೇಲಿನ ದರ 2024ರ ಅಕ್ಟೋಬರ್ 1ರಿಂದ ಶೇ 5 ಇದ್ದದ್ದು 2 ಆಗಿದೆ. ಪ್ಯಾನ್ ಕೊಡದಿದ್ದರೆ ಶೇ 20. ವಿದೇಶಿ ನೆಟ್‌ವರ್ಕ್ ಟಿಡಿಎಸ್ ಹಿಡಿಯದೆ ಡಾಲರ್ ಕಳಿಸಿದರೆ ಅದು ತೆರಿಗೆಯಿಲ್ಲದ ಹಣವೆಂದು ತಿಳಿಯಬೇಡಿ, ರಿಟರ್ನ್‌ನಲ್ಲಿ ನೀವೇ ತೋರಿಸಬೇಕು. ಡಾಲರನ್ನು ರೂಪಾಯಿ ಮಾಡುವಾಗ ಬ್ಯಾಂಕ್ ಕತ್ತರಿಸುವುದೂ ಸೇರಿಸಿ ನೋಡಿದರೆ, ಸಣ್ಣ ಸೈಟಿಗೆ ತಿಂಗಳು ತಿಂಗಳು ತೆಗೆಯುವುದಕ್ಕಿಂತ ಮೂರು ತಿಂಗಳಿಗೊಮ್ಮೆ ಒಟ್ಟಿಗೆ ತೆಗೆಯುವುದೇ ಲಾಭ.