ಜುಲೈ ಬಂತು, ಅಧ್ಯಕ್ಷರು ಬದಲಾದರು

ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಪುನರ್ವಸು ಮಳೆ ಹಿಡಿದು ಸುರಿಯುವ ಹೊತ್ತಿಗೇ ಸೇವಾ ಕ್ಲಬ್‌ಗಳ ಹೊಸ ಅಧ್ಯಕ್ಷರ ಪದಗ್ರಹಣಗಳ ಸಾಲು ಶುರುವಾಗುತ್ತದೆ. ಒಂದು ಸಂಜೆ ರೋಟರಿ, ಇನ್ನೊಂದು ಸಂಜೆ ಲಯನ್ಸ್, ಮತ್ತೊಂದು ಸಂಜೆ ಇನ್ನರ್‌ವೀಲ್. ಕರೆಂಟ್ ಹೋಗಿರುತ್ತದೆ, ಜನರೇಟರ್ ಸದ್ದಿನ ನಡುವೆ ಹಲವು ಕ್ಲಬ್‌ಗಳಿಗೆ ಮೇಲಿನವರಾದ ಜಿಲ್ಲಾ ಗವರ್ನರ್ ಅಥವಾ ವಲಯ ಸೇನಾನಿ ಮಾತಾಡುತ್ತಾರೆ. ಹಳೆಯ ಅಧ್ಯಕ್ಷರ ಕೊರಳಿನ ಪದವಿಯ ಪಟ್ಟಿ, ಅಂದರೆ ಕಾಲರ್, ಹೊಸಬರ ಕೊರಳಿಗೆ ಬೀಳುತ್ತದೆ. ಆಷಾಢದಲ್ಲಿ ಮದುವೆ, ಗೃಹಪ್ರವೇಶ ಇಲ್ಲದ್ದರಿಂದ ಕಲ್ಯಾಣ ಮಂಟಪ ಸುಲಭವಾಗಿ ಸಿಗುತ್ತದೆ. ಅದೊಂದು ಅನುಕೂಲ ಬಿಟ್ಟರೆ ಮಲೆನಾಡಿನಲ್ಲಿ ಹೊಸ ಕೆಲಸ ಶುರುಮಾಡಲು ಜುಲೈಗಿಂತ ಕೆಟ್ಟ ತಿಂಗಳು ಇರಲಾರದು.

ಹಾಗಾದರೆ ಜುಲೈ ಯಾಕೆ? ಕಾರಣ ಲೆಕ್ಕಪತ್ರದ್ದು. 1910ರ ಆಗಸ್ಟ್‌ನಲ್ಲಿ ಅಮೆರಿಕದ ರೋಟರಿ ಕ್ಲಬ್‌ಗಳೆಲ್ಲ ಶಿಕಾಗೋದಲ್ಲಿ ಮೊದಲ ಸಮ್ಮೇಳನ ನಡೆಸಿದವು. ಸಮ್ಮೇಳನ ಮುಗಿದ ಮೇಲೆ ಅವರ ವರ್ಷ ಶುರು. 1912ರಲ್ಲಿ ಲೆಕ್ಕ ತಪಾಸಣೆ ಮಾಡಿದವರು, ಜೂನ್ 30ಕ್ಕೆ ವರ್ಷ ಮುಗಿಸಿಬಿಡಿ, ಸಮ್ಮೇಳನದೊಳಗೆ ಲೆಕ್ಕ ಒಪ್ಪಿಸಲು ಸಮಯ ಸಿಗುತ್ತದೆ ಎಂದು ಸಲಹೆ ಕೊಟ್ಟರು. 1913ರಿಂದ ಜುಲೈ 1 ಹೊಸ ವರ್ಷವಾಯಿತು. ಲಯನ್ಸ್ ವರ್ಷವೂ ಜುಲೈನಿಂದ ಜೂನ್‌ವರೆಗೆ. ಶಿಕಾಗೋದ ಲೆಕ್ಕಿಗರಿಗೆ ಆರಿದ್ರಾ, ಪುನರ್ವಸು ಮಳೆಗಳ ಪರಿಚಯ ಇರಲಿಲ್ಲ, ಪಾಪ.

ತಿಂಗಳಿನ ವಿಷಯ ತಮಾಷೆಗೆ ಬಿಡೋಣ. ಅಧ್ಯಕ್ಷಗಿರಿ ಒಂದೇ ವರ್ಷ ಅನ್ನುವ ನಿಯಮ ಮಾತ್ರ ತಮಾಷೆಯದಲ್ಲ. ಹಾಸನ, ಚಿಕ್ಕಮಗಳೂರು ಕಡೆಯ ಸೇವಾ ಕ್ಲಬ್‌ಗಳ ಒಳ್ಳೆಯ ಗುಣ, ಕೆಟ್ಟ ಗುಣ ಎರಡರ ಬೇರೂ ಅಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ.

1905ರ ಫೆಬ್ರವರಿ 23ರಂದು ಶಿಕಾಗೋದ ಯೂನಿಟಿ ಬಿಲ್ಡಿಂಗ್‌ನ 711ನೇ ಕೋಣೆಯಲ್ಲಿ ನಾಲ್ವರು ಕೂತರು. ವಕೀಲ ಪಾಲ್ ಹ್ಯಾರಿಸ್, ಕಲ್ಲಿದ್ದಲು ವ್ಯಾಪಾರಿ ಸಿಲ್ವೆಸ್ಟರ್ ಶೀಲೆ, ಗಣಿ ಎಂಜಿನಿಯರ್ ಗಸ್ಟಾವಸ್ ಲೋಯರ್, ಬಟ್ಟೆ ಹೊಲಿಸಿ ಮಾರುತ್ತಿದ್ದ ಹೈರಮ್ ಶೋರಿ. ಹ್ಯಾರಿಸ್ ಬೆಳೆದದ್ದು ವರ್ಮಾಂಟ್‌ನ ಸಣ್ಣ ಊರಿನಲ್ಲಿ. ದೊಡ್ಡ ನಗರದಲ್ಲಿ ಗುರುತಿನವರೇ ಇಲ್ಲದ ಬೇಸರ ಅವನಿಗೆ. ಒಂದು ಕಸುಬಿಗೆ ಒಬ್ಬನೇ ಸದಸ್ಯ, ಸರದಿಯಂತೆ ಒಬ್ಬೊಬ್ಬರ ಕಚೇರಿಯಲ್ಲಿ ಸಭೆ ಎಂದು ಮಾಡಿಕೊಂಡರು. ಸ್ಥಾಪಕ ಹ್ಯಾರಿಸ್ ಮೊದಲ ಅಧ್ಯಕ್ಷನಾಗಲಿಲ್ಲ. ಶೀಲೆಯನ್ನು ಕೂರಿಸಿದ. ತಾನು ಕೂತದ್ದು ಮೂರನೆಯವನಾಗಿ, 1907ರಲ್ಲಿ. ಕುರ್ಚಿ ಯಾರಿಗೂ ಕಾಯಂ ಅಲ್ಲ ಅನ್ನುವುದು ಮೊದಲ ದಿನಗಳಿಂದಲೇ ಬಂದದ್ದು.

ಸೇವೆ ಮಾತ್ರ ಮೊದಲ ದಿನದಿಂದ ಇರಲಿಲ್ಲ. ಸ್ನೇಹ ಮಾಡಿಕೊಳ್ಳುವುದು, ಒಬ್ಬರಿಗೊಬ್ಬರು ವ್ಯಾಪಾರ ಕೊಡಿಸುವುದು, ಇಷ್ಟೇ ಉದ್ದೇಶ. 1906ರಲ್ಲಿ ಡೊನಾಲ್ಡ್ ಕಾರ್ಟರ್ ಎಂಬ ಪೇಟೆಂಟ್ ವಕೀಲನನ್ನು ಸೇರಲು ಕರೆದಾಗ, ಊರಿಗೆ ಏನೂ ಮಾಡದ ಸಂಘ ಬಹಳ ದಿನ ಬಾಳುವುದಿಲ್ಲ ಎಂದು ಅವನು ತಕರಾರು ತೆಗೆದ. ಆಮೇಲೆ ನಿಯಮಕ್ಕೆ ಸೇವೆಯ ಮಾತು ಸೇರಿತು. ಶಿಕಾಗೋ ಕ್ಲಬ್ ಕೈಹಾಕಿದ ಮೊದಲ ದೊಡ್ಡ ಸಾರ್ವಜನಿಕ ಕೆಲಸ, ನಗರಕ್ಕೆ ಸಾರ್ವಜನಿಕ ಶೌಚಾಲಯ ಮಾಡಿಸುವುದು. ನಮ್ಮ ಬಸ್ ನಿಲ್ದಾಣಗಳ ಹತ್ತಿರ ಇವತ್ತಿಗೂ ಬೇಕಾಗಿರುವ ಕೆಲಸ ಅದೇ ಅಲ್ವಾ.

ಲಯನ್ಸ್ ಹುಟ್ಟಿದ್ದೂ ಶಿಕಾಗೋದಲ್ಲೇ. ವಿಮಾ ವ್ಯವಹಾರದ ಮೆಲ್ವಿನ್ ಜೋನ್ಸ್ 1917ರ ಜೂನ್ 7ರಂದು ಬೇರೆ ಬೇರೆ ಕ್ಲಬ್‌ಗಳವರನ್ನು ಕರೆಸಿ ಒಟ್ಟುಮಾಡಿದ. 1925ರಲ್ಲಿ ಹೆಲೆನ್ ಕೆಲ್ಲರ್ ಲಯನ್ಸ್ ಸಮ್ಮೇಳನಕ್ಕೆ ಬಂದು, ಕಣ್ಣಿಲ್ಲದವರ ಪರ ನಿಲ್ಲಿ ಎಂದು ಕೇಳಿಕೊಂಡರು. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಲಯನ್ಸ್ ಅಂದರೆ ನೇತ್ರ ತಪಾಸಣಾ ಶಿಬಿರ ಅನ್ನುವ ಹಾಗಾಗಿರುವುದಕ್ಕೆ ಮೂಲ ಅಲ್ಲಿದೆ.

ಭಾರತದ ಮೊದಲ ರೋಟರಿ ಕ್ಲಬ್‌ಗೆ 1920ರಲ್ಲಿ ಕಲ್ಕತ್ತಾದಲ್ಲಿ ಮಾನ್ಯತೆ ಸಿಕ್ಕಿತು. ಲಯನ್ಸ್ ಬಂದದ್ದು 1956ರಲ್ಲಿ, ಬೊಂಬಾಯಿಗೆ. ಯುವಜನರ ಸಂಘವಾದ ಜೇಸೀಸ್ (ಜೇಸಿ) ಅದಕ್ಕೂ ಮೊದಲು, 1949ರಲ್ಲಿ. ನಮ್ಮ ಕಡೆ ಕ್ಲಬ್ ಅನ್ನುವುದು ಹೊಸದೇನಲ್ಲ. ಕಾಫಿ ತೋಟದ ಬ್ರಿಟಿಷ್ ದೊರೆಗಳ ಕಾಲದಿಂದ ಸಕಲೇಶಪುರದಲ್ಲಿ ಮಂಜ್ರಾಬಾದ್ ಕ್ಲಬ್ ಇದೆ, ಚಿಕ್ಕಮಗಳೂರಿನಲ್ಲಿ ಕಡೂರು ಕ್ಲಬ್ ಇದೆ. ಅವು ಆಟ, ಊಟ, ಒಡನಾಟದ ಜಾಗಗಳು. ಸೇವಾ ಕ್ಲಬ್‌ಗಳು ಬಂದಾಗ ಪ್ಲಾಂಟರ್ ಪಕ್ಕದಲ್ಲಿ ಬ್ಯಾಂಕ್ ಮ್ಯಾನೇಜರ್, ಡಾಕ್ಟರ್, ಕಾಲೇಜು ಮೇಷ್ಟ್ರು, ಹಾರ್ಡ್‌ವೇರ್ ಅಂಗಡಿಯವರು ಕೂತರು. ಹ್ಯಾರಿಸ್‌ಗೆ ಗುರುತಿನವರಿಲ್ಲ ಅನ್ನುವ ಕೊರಗು. ಬೇಲೂರು, ಅರಸೀಕೆರೆಯಂಥ ಊರುಗಳಲ್ಲಿ ಆ ಕೊರಗಿಲ್ಲ, ಎಲ್ಲರಿಗೂ ಎಲ್ಲರೂ ಗೊತ್ತು. ಆದರೆ ಗೊತ್ತಿರುವುದು ಬೇರೆ, ಒಂದೇ ಮೇಜಿನಲ್ಲಿ ಕೂತು ಊಟ ಮಾಡುವುದು ಬೇರೆ. ಜಾತಿ, ಮನೆತನ, ತೋಟದ ಎಕರೆ ನೋಡಿ ದೂರ ಕೂರುವ ಊರಿನಲ್ಲಿ ಕಸುಬಿನ ಲೆಕ್ಕದಲ್ಲಿ ಸದಸ್ಯತ್ವ ಕೊಡುವುದು ಸಣ್ಣ ವಿಷಯವೇನಲ್ಲ. ಎಷ್ಟರಮಟ್ಟಿಗೆ ಅದು ನಡೆಯಿತು ಅನ್ನುವುದನ್ನು ಆಯಾ ಊರಿನವರೇ ಹೇಳಬೇಕು.

ವರ್ಗವಾಗಿ ಬರುವ ಬ್ಯಾಂಕ್ ಮ್ಯಾನೇಜರ್‌ಗಳು ಈ ಕ್ಲಬ್‌ಗಳ ಬೆನ್ನೆಲುಬಾಗಿದ್ದರು. ಹೊಸ ಊರಿಗೆ ಬಂದವರಿಗೆ ಕ್ಲಬ್‌ನಲ್ಲಿ ಪರಿಚಯ ಸಿಗುತ್ತಿತ್ತು. ಕ್ಲಬ್‌ಗೆ ಲೆಕ್ಕ ಬರೆಯಬಲ್ಲ ಖಜಾಂಚಿ ಸಿಗುತ್ತಿದ್ದರು. 2019ರಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿತು. 2020ರಲ್ಲಿ ಸಿಂಡಿಕೇಟ್ ಕೆನರಾ ಆಯಿತು, ಕಾರ್ಪೊರೇಷನ್ ಯೂನಿಯನ್ ಆಯಿತು. ಒಂದೇ ರಸ್ತೆಯ ಎರಡು ಶಾಖೆ ಒಂದಾದರೆ ಒಬ್ಬ ಮ್ಯಾನೇಜರ್ ಕಡಿಮೆ. ಉಳಿದವರಿಗೂ ಟಾರ್ಗೆಟ್ ಒತ್ತಡದಲ್ಲಿ ಸಂಜೆಯ ಸಭೆಗೆ ಬಿಡುವಿಲ್ಲ. ಸದಸ್ಯರು ಕಡಿಮೆ ಎಂದು ಗೊಣಗುವವರು ಈ ಕಾರಣವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಹೆಂಗಸರ ವಿಷಯದಲ್ಲಿ ಈ ಸಂಘಗಳ ಇತಿಹಾಸ ಅಷ್ಟೇನೂ ಚೆನ್ನಾಗಿಲ್ಲ. ಸದಸ್ಯರ ಹೆಂಡತಿಯರು ರೋಟರಿಯಲ್ಲಿ ‘ಆನ್ಸ್’, ಜೇಸಿಯಲ್ಲಿ ‘ಜೇಸಿರೆಟ್’. ಅಡುಗೆಯ ಉಸ್ತುವಾರಿ, ಪ್ರಾರ್ಥನೆ, ವೇದಿಕೆಯ ಹೂವು ಅವರದು, ವೋಟು ಗಂಡಂದಿರದು. 1978ರಲ್ಲಿ ಕ್ಯಾಲಿಫೋರ್ನಿಯಾದ ಡುವಾರ್ಟೆ ಕ್ಲಬ್ ಮಹಿಳೆಯರನ್ನು ಸೇರಿಸಿಕೊಂಡಿತು ಎಂದು ಅದರ ಮಾನ್ಯತೆಯನ್ನೇ ರೋಟರಿ ರದ್ದು ಮಾಡಿತು. ಜಗಳ ಕೋರ್ಟು ಹತ್ತಿತು. 1987ರ ಮೇ 4ರಂದು ಅಮೆರಿಕದ ಸುಪ್ರೀಂ ಕೋರ್ಟ್ ಮಹಿಳೆಯರ ಪರ ತೀರ್ಪು ಕೊಟ್ಟಿತು. ಅದೇ ವರ್ಷ ಲಯನ್ಸ್ ಬಾಗಿಲು ತೆರೆಯಿತು. 1989ರಲ್ಲಿ ರೋಟರಿ ಇಡೀ ಜಗತ್ತಿಗೆ ಅನ್ವಯವಾಗುವ ಹಾಗೆ ನಿಯಮ ಬದಲಿಸಿತು. ಲಯನ್ಸ್‌ಗೆ ಮೊದಲ ಮಹಿಳಾ ಅಂತರರಾಷ್ಟ್ರೀಯ ಅಧ್ಯಕ್ಷೆ ಬಂದದ್ದು 2018ರಲ್ಲಿ, ರೋಟರಿಗೆ 2022ರಲ್ಲಿ. ಮಹಿಳೆಯರದೇ ಆದ ಇನ್ನರ್‌ವೀಲ್ 1924ರಲ್ಲೇ ಮ್ಯಾಂಚೆಸ್ಟರ್‌ನಲ್ಲಿ ಶುರುವಾಗಿತ್ತು. ನಮ್ಮೂರುಗಳಲ್ಲಿ ನಿಯಮ ಬದಲಾದ ಮೇಲೂ ಗಂಡ ರೋಟರಿ, ಹೆಂಡತಿ ಇನ್ನರ್‌ವೀಲ್ ಅನ್ನುವ ಏರ್ಪಾಡು ಹಾಗೇ ಮುಂದುವರಿದದ್ದೇ ಜಾಸ್ತಿ.

ಈಗ ಒಂದು ವರ್ಷದ ಅಧ್ಯಕ್ಷರ ಕೈಯಲ್ಲಿ ಎಷ್ಟು ಸಮಯ ಇರುತ್ತದೆ ನೋಡಿ. ಜುಲೈ, ಆಗಸ್ಟ್ ಮಳೆ. ವನಮಹೋತ್ಸವ, ಶಾಲೆಗೆ ನೋಟ್‌ಬುಕ್ಕು, ಛತ್ರಿ ಹಂಚುವುದು. ಸೆಪ್ಟೆಂಬರ್‌ನಲ್ಲಿ ಶಿಕ್ಷಕರ ದಿನಾಚರಣೆ, ಸನ್ಮಾನ. ಆಮೇಲೆ ದಸರಾ, ದೀಪಾವಳಿ. ಜಿಲ್ಲಾ ಗವರ್ನರ್ ಅಧಿಕೃತ ಭೇಟಿ ಎಂದು ಒಂದು ತಿಂಗಳ ತಯಾರಿ. ಅಷ್ಟರಲ್ಲಿ ಅರೇಬಿಕಾ ಕಾಫಿ ಹಣ್ಣಾಗುತ್ತದೆ. ಕುಯ್ಲು, ಪಲ್ಪಿಂಗ್, ಕಣದಲ್ಲಿ ಒಣಗಿಸುವುದು, ಅದರ ಹಿಂದೆಯೇ ರೋಬಸ್ಟಾ. ಆಳು ಹುಡುಕುವುದರಲ್ಲೇ ಪ್ಲಾಂಟರ್‌ಗೆ ಸಾಕಾಗಿರುತ್ತದೆ. ಸಭೆಗೆ ಯಾರು ಬರುತ್ತಾರೆ? ಫೆಬ್ರವರಿ ಕಳೆಯಿತು ಅನ್ನುವಾಗ ಕಾಫಿ ಹೂ ಬಿಡಿಸುವ ಹೂಮಳೆಯ ಚಿಂತೆ, ಸ್ಪ್ರಿಂಕ್ಲರ್ ಓಡಾಟ. ಮಾರ್ಚ್‌ನಲ್ಲಿ ಬ್ಯಾಂಕಿನವರಿಗೆ ವರ್ಷಾಂತ್ಯ, ಮೇಷ್ಟ್ರಿಗೆ ಪರೀಕ್ಷೆ. ಏಪ್ರಿಲ್, ಮೇ ಮದುವೆ. ಜೂನ್‌ನಲ್ಲಿ ಬೀಳ್ಕೊಡುಗೆ. ನಿಜವಾಗಿ ಕೆಲಸಕ್ಕೆ ಸಿಗುವುದು ನಾಲ್ಕು ತಿಂಗಳು, ಅದೂ ತುಂಡು ತುಂಡಾಗಿ.

ಅದಕ್ಕೇ ನಮ್ಮ ಕಡೆ ಬಸ್ ತಂಗುದಾಣ, ಶಾಲೆಗೆ ನೀರಿನ ಫಿಲ್ಟರ್, ಸ್ವಾಗತ ಕಮಾನು, ರಕ್ತದಾನ ಶಿಬಿರ ಇವೇ ಜಾಸ್ತಿ. ಒಂದೇ ಅವಧಿಯಲ್ಲಿ ಶುರುವಾಗಿ ಮುಗಿಯುವ ಕೆಲಸಗಳು. ಕಲ್ಲಿನ ಮೇಲೆ ಹೆಸರು ಕೆತ್ತಿಸಬಹುದು, ಫೋಟೊ ತೆಗೆಸಬಹುದು. ನೀರಿನ ಫಿಲ್ಟರ್‌ನ ಕ್ಯಾಂಡಲ್ ಬದಲಿಸುವುದು ಮುಂದಿನ ಅಧ್ಯಕ್ಷರ ಕೆಲಸ. ಅವರಿಗೆ ಅದರಲ್ಲಿ ಹೆಸರಿಲ್ಲ. ಹಾಗಾಗಿ ಅವರು ಇನ್ನೊಂದು ಶಾಲೆಗೆ ಹೊಸ ಫಿಲ್ಟರ್ ಕೊಡುತ್ತಾರೆ. ಇದು ಯಾರೋ ಒಬ್ಬರ ದುರಾಸೆಯಲ್ಲ, ವ್ಯವಸ್ಥೆಯೇ ಹಾಗಿದೆ.

ಇದಕ್ಕೆ ತದ್ವಿರುದ್ಧ ಉದಾಹರಣೆಯೂ ಇದೆ, ಅದೇ ಸಂಸ್ಥೆಯದು. 1979ರಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಮಕ್ಕಳಿಗೆ ಪೋಲಿಯೊ ಲಸಿಕೆ ಹಾಕಿಸುವ ಕೆಲಸಕ್ಕೆ ರೋಟರಿ ಕೈಹಾಕಿತು. 1985ರಲ್ಲಿ ಅದನ್ನು ಇಡೀ ಜಗತ್ತಿನ ಯೋಜನೆ ಮಾಡಿಕೊಂಡು 12 ಕೋಟಿ ಡಾಲರ್ ಒಟ್ಟುಮಾಡುವ ಗುರಿ ಇಟ್ಟುಕೊಂಡರು. 1988ರ ಹೊತ್ತಿಗೆ ಬಂದದ್ದು ಅದರ ಎರಡು ಪಟ್ಟು. ನಮ್ಮ ದೇಶದಲ್ಲಿ 1995ರಿಂದ ಪಲ್ಸ್ ಪೋಲಿಯೊ ಭಾನುವಾರಗಳು. ಲಸಿಕೆ ಸರ್ಕಾರದ್ದು, ಮನೆಮನೆ ತಿರುಗುವ ಕಷ್ಟ ಆರೋಗ್ಯ ಸಹಾಯಕಿಯರದು, ಅಂಗನವಾಡಿ ಕಾರ್ಯಕರ್ತೆಯರದು. ರೋಟರಿಯವರು ಬೂತ್‌ನಲ್ಲಿ ಕೂರುವುದು, ಬ್ಯಾನರ್, ತಿಂಡಿ, ವಾಹನ ಒದಗಿಸುವುದು, ತೋಟದ ಕೂಲಿಕಾರರ ಲೈನ್ ಮನೆಗಳ ಮಕ್ಕಳನ್ನು ಜೀಪಿನಲ್ಲಿ ಕರೆತರುವುದು, ಇಂಥ ಕೆಲಸಕ್ಕೆ ನಿಂತರು. ಮಗುವಿನ ಕಿರುಬೆರಳಿಗೆ ಶಾಯಿ ಹಚ್ಚಿದ್ದು ಆ ಕಾಲದ ಎಲ್ಲರಿಗೂ ನೆನಪಿರುತ್ತದೆ. 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾದಲ್ಲಿ ಕೊನೆಯ ಪ್ರಕರಣ ಕಂಡಿತು. 2014ರ ಮಾರ್ಚ್ 27ರಂದು ಭಾರತ ಪೋಲಿಯೊ ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ದೃಢಪಡಿಸಿತು. 1985ರಿಂದ ಅಲ್ಲಿಯವರೆಗೆ ಪ್ರತಿ ಕ್ಲಬ್‌ಗೂ ಸುಮಾರು 30 ಅಧ್ಯಕ್ಷರು ಬಂದುಹೋಗಿದ್ದಾರೆ. ಕಾರ್ಯಸೂಚಿ ಮಾತ್ರ ಬದಲಾಗಲಿಲ್ಲ. ಇದು ನನ್ನ ಸಾಧನೆ ಎಂದು ಹೇಳಿಕೊಳ್ಳಲು ಅವರಲ್ಲಿ ಒಬ್ಬರಿಗೂ ಆಗುವುದಿಲ್ಲ.

ಹಣದ ವಿಷಯದಲ್ಲೂ ಇಂಥದೇ ಒಂದು ಏರ್ಪಾಡಿದೆ. ಅನೇಕ ಸದಸ್ಯರಿಗೇ ಅದು ಸರಿಯಾಗಿ ಗೊತ್ತಿರುವುದಿಲ್ಲ. ರೋಟರಿ ಫೌಂಡೇಶನ್ನಿನ ವಾರ್ಷಿಕ ನಿಧಿಗೆ ಸದಸ್ಯರು ಕೊಟ್ಟ ದುಡ್ಡನ್ನು ಮೂರು ವರ್ಷ ಹೂಡಿಕೆಯಲ್ಲಿ ಇಡುತ್ತಾರೆ. ಆಮೇಲೆ ಸುಮಾರು ಅರ್ಧ ಪಾಲು ಆ ರೋಟರಿ ಜಿಲ್ಲೆಯ ಕೆಲಸಕ್ಕೆ ವಾಪಸ್ ಬರುತ್ತದೆ. ಅಂದರೆ ವಂತಿಗೆ ಎತ್ತುವ ಅಧ್ಯಕ್ಷರು ಒಬ್ಬರು, ಖರ್ಚು ಮಾಡುವವರು ಅವರ ನಂತರದ ಮೂರನೆಯವರು. ದೊಡ್ಡ ಯೋಜನೆಗಳಿಗೆ ಫೌಂಡೇಶನ್ ಕೊಡುವ ಅನುದಾನ, ಗ್ಲೋಬಲ್ ಗ್ರಾಂಟ್, ಇನ್ನೂ ನಿಧಾನ. ಯೋಜನೆ ಕನಿಷ್ಠ 30,000 ಡಾಲರಿನದ್ದಾಗಿರಬೇಕು, ಬೇರೆ ದೇಶದ ರೋಟರಿಯವರು ಜೊತೆಗಿರಬೇಕು, ಊರಿಗೆ ಏನು ಬೇಕು ಎಂದು ಮೊದಲೇ ವಿಚಾರಿಸಿ ವರದಿ ಕೊಡಬೇಕು. ಅರ್ಜಿಗೆ ಸಹಿ ಹಾಕಿದವರ ಅವಧಿಯೊಳಗೆ ಡಯಾಲಿಸಿಸ್ ಯಂತ್ರ ಆಸ್ಪತ್ರೆಗೆ ಬಂದರೆ ಅದೃಷ್ಟ. ಕ್ಲಬ್ಬಿನ ಕಟ್ಟಡ, ಶಾಲೆ, ಕಣ್ಣಾಸ್ಪತ್ರೆ ಇರುವ ಕಡೆ ಅದಕ್ಕೆಂದೇ ಬೇರೆ ಟ್ರಸ್ಟ್ ಮಾಡಿರುವುದೂ ಇದೇ ಕಾರಣಕ್ಕೆ. ಅಧ್ಯಕ್ಷರು ವರ್ಷಕ್ಕೊಮ್ಮೆ ಬದಲಾಗಲಿ, ಆಸ್ತಿ ನೋಡಿಕೊಳ್ಳುವವರು ನಿಲ್ಲಲಿ ಎಂದು. ಟ್ರಸ್ಟಿನಲ್ಲಿ ಕೂತವರು ಏಳುವುದೇ ಇಲ್ಲ ಅನ್ನುವುದು ಬೇರೆ ಜಗಳ.

ನೇತ್ರ ಶಿಬಿರಗಳ ಕಥೆಯೂ ಸ್ವಲ್ಪ ಹೀಗೇ. ಒಂದು ಕಾಲದಲ್ಲಿ ಶಾಲೆಯ ಕೊಠಡಿ ತೊಳೆದು ಅಲ್ಲೇ ಪೊರೆ ಆಪರೇಷನ್ ಮಾಡುತ್ತಿದ್ದರು. ಸೋಂಕಿನ ಭಯದಿಂದ ಅದು ನಿಂತಿತು. ಈಗ ಶಿಬಿರದಲ್ಲಿ ತಪಾಸಣೆ ಮಾತ್ರ. ಆಪರೇಷನ್ ಬೇಕಾದವರನ್ನು ಬಸ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಕರೆದೊಯ್ದು, ಮುಗಿಸಿಕೊಂಡು ವಾಪಸ್ ಬಿಡುತ್ತಾರೆ. ಫೋಟೊ ಅಷ್ಟು ಚೆನ್ನಾಗಿ ಬರುವುದಿಲ್ಲ, ಕಣ್ಣು ಮಾತ್ರ ಚೆನ್ನಾಗಿ ಕಾಣುತ್ತದೆ.

ಸದಸ್ಯತ್ವದ ಲೆಕ್ಕದಲ್ಲೂ ಒಂದು ವರ್ಷದ ಆಟ ಇದ್ದೇ ಇದೆ. ಹೊಸ ಕ್ಲಬ್ ಕಟ್ಟಲು 20 ಜನ ಬೇಕು. ಗವರ್ನರ್‌ಗೂ ಒಂದೇ ವರ್ಷ, ಅವರಿಗೂ ಗುರಿ ಇರುತ್ತದೆ. ಹಾಗಾಗಿ ಮೇ, ಜೂನ್‌ನಲ್ಲಿ ಸ್ನೇಹಿತ, ಷಡ್ಡಕ, ಬಾಮೈದ ಎಲ್ಲ ಸೇರುತ್ತಾರೆ. ಅಂತರರಾಷ್ಟ್ರೀಯ ಸಂಸ್ಥೆಗೆ ಕಟ್ಟುವ ತಲಾ ಶುಲ್ಕ ಡಾಲರ್ ಲೆಕ್ಕದ್ದು, ಜುಲೈ ಮತ್ತು ಜನವರಿಯಲ್ಲಿ ಬಿಲ್ ಬರುತ್ತದೆ. ಬಿಲ್ ಬಂದಾಗ ಬಾಮೈದ ಫೋನ್ ಎತ್ತುವುದಿಲ್ಲ. ಹಾಜರಿ ನಿಯಮವೂ ಮೊದಲಿನಷ್ಟು ಬಿಗಿಯಿಲ್ಲ. ವಾರಕ್ಕೊಂದು ಸಭೆ, ತಪ್ಪಿಸಿಕೊಂಡರೆ ಬೇರೆ ಊರಿನ ಕ್ಲಬ್‌ಗೆ ಹೋಗಿ ಹಾಜರಿ ತುಂಬಿಕೊಳ್ಳುವ ‘ಮೇಕಪ್’ ಅನ್ನುವ ಕಾಲ ಇತ್ತು. 2016ರಲ್ಲಿ ರೋಟರಿ, ತಿಂಗಳಿಗೆ ಎರಡು ಸಭೆಯಾದರೂ ಸಾಕು, ಉಳಿದದ್ದು ಕ್ಲಬ್ಬಿಗೇ ಬಿಟ್ಟದ್ದು ಎಂದಿತು. ಕಾಫಿ ಸೀಮೆಯ ಕ್ಲಬ್‌ಗಳಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಬೇಕಿಲ್ಲ. ಕುಯ್ಲಿನ ಕಾಲದಲ್ಲಿ ಸಭೆ ಕಡಿಮೆ ಮಾಡಿ, ಮಳೆಗಾಲದ ಸಂಜೆಗಳಲ್ಲಿ ಮೂರು ವರ್ಷದ ಯೋಜನೆ ಹಾಕಿಕೊಳ್ಳಲು ಯಾರ ಅಪ್ಪಣೆಯೂ ಬೇಡ.

ನಾಯಕರು ಎಲ್ಲಿಂದ ಬರುತ್ತಾರೆ ಅನ್ನುವ ಪ್ರಶ್ನೆಗೆ ನಮ್ಮ ಜಿಲ್ಲೆಗಳಲ್ಲಿ ಬಹುಕಾಲ ಉತ್ತರ ಜೇಸಿ. 18ರಿಂದ 40 ವಯಸ್ಸಿನವರಿಗೆ ಮಾತ್ರ ಅಲ್ಲಿ ಜಾಗ. ಅದರ ವರ್ಷ ಜನವರಿಗೆ ಶುರು. ಜೇಸಿಯ ಧ್ಯೇಯದ ಮಾತುಗಳಾದ ಜೇಸಿವಾಣಿ ಓದುವುದು, ವಂದನಾರ್ಪಣೆ ಮಾಡುವುದು, ಮೈಕ್ ಹಿಡಿದು ನಡುಗದೆ ನಿಲ್ಲುವುದು, ಎಲ್ಲ ಅಲ್ಲಿ ಕಲಿತು, 40 ದಾಟಿದ ಮೇಲೆ ರೋಟರಿಗೋ ಲಯನ್ಸ್‌ಗೋ ಬರುವುದು ರೂಢಿ. ಗ್ರಾಮ ಪಂಚಾಯ್ತಿ, ಸಹಕಾರ ಸಂಘದ ಚುನಾವಣೆಗೆ ನಿಂತವರೂ ಅಲ್ಲಿಂದ ಬಂದಿದ್ದಾರೆ.

ಈಗ ಆ ವಯಸ್ಸಿನವರು ಊರಿನಲ್ಲಿ ಕಡಿಮೆ. ಹಾಸನದ, ಚಿಕ್ಕಮಗಳೂರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿದವರು ಡಿಗ್ರಿ ಕೈಗೆ ಬಂದ ಕೂಡಲೇ ಬೆಂಗಳೂರಿನ ಬಸ್ ಹತ್ತುತ್ತಾರೆ. 1968ರಲ್ಲಿ ಶುರುವಾದ, ರೋಟರಿಯ ಯುವ ವಿಭಾಗ ರೋಟರ‍್ಯಾಕ್ಟ್ ತನ್ನ 30 ವರ್ಷದ ಮಿತಿಯನ್ನು 2020ರಲ್ಲಿ ತೆಗೆದುಹಾಕಿತು, ಆದರೆ ಇರುವವರೇ ಇಲ್ಲದ ಊರಿಗೆ ಅದರಿಂದ ಏನು ಪ್ರಯೋಜನ. ಸೇವೆಯ ಮನಸ್ಸು ಹೋಗಿದೆ ಎಂದು ಮಾತ್ರ ಹೇಳಲಾಗದು. 2018ರಲ್ಲಿ ಕೊಡಗಿನಲ್ಲಿ, 2019ರ ಆಗಸ್ಟ್‌ನಲ್ಲಿ ಮೂಡಿಗೆರೆ, ಕಳಸದ ಕಡೆ ಗುಡ್ಡ ಕುಸಿದಾಗ ಅಕ್ಕಿ, ಕಂಬಳಿ, ಔಷಧಿ ಹೊತ್ತು ಹೋದವರಲ್ಲಿ ಯಾವ ಕ್ಲಬ್ಬಿಗೂ ಸೇರದ ಹುಡುಗರು ಸಾಕಷ್ಟಿದ್ದರು. ಒಂದು ವಾಟ್ಸಾಪ್ ಗುಂಪು, ಎರಡು ಪಿಕಪ್, ಅಷ್ಟೇ. ಕೊರಳಿಗೆ ಕಾಲರ್ ಬೇಕಿರಲಿಲ್ಲ. ಆದರೆ ನೀರು ಇಳಿದ ಮೇಲೆ ಆ ಗುಂಪೂ ಸದ್ದಿಲ್ಲದೆ ಕರಗುತ್ತದೆ. ಮನೆ ಕಳೆದುಕೊಂಡವರ ಮಕ್ಕಳ ಫೀಸು ಮೂರನೇ ವರ್ಷ ಕಟ್ಟಲು ರಸೀದಿ ಪುಸ್ತಕ, ಬ್ಯಾಂಕ್ ಖಾತೆ, ಆಡಿಟ್ ಇರುವ ಸಂಸ್ಥೆಯೇ ಬೇಕು. ಕ್ಲಬ್‌ಗಳ ಹತ್ತಿರ ಅವೆಲ್ಲ ಇವೆ. ಆ ಹುಡುಗರನ್ನು ಒಳಗೆ ಕರೆಯುವಾಗ ಪಿನ್ನು, ಬ್ಲೇಜರ್, ಪದಗ್ರಹಣದ ಊಟದ ವಂತಿಗೆಯಿಂದಲೇ ಮಾತು ಶುರುಮಾಡಿದರೆ ಅವರು ಬರುವುದಿಲ್ಲ. ಮೂರು ವರ್ಷದ ಕೆಲಸವೊಂದನ್ನು ತೋರಿಸಿ ಕೇಳಿದರೆ ಕೆಲವರಾದರೂ ಬಂದಾರು.